ಪಟ್ಟಿಯೂ ಪದವಿಯೂ

ಇತರರ ಪಾಲಿಗೆ ಅನಾವಶ್ಯಕವೆಂದು ತಳ್ಳಿಹಾಕಿದ್ದನ್ನೇ ತನ್ನ ಪಾಳಿ ಬಂದಾಗ ಅತ್ಯಾವಶ್ಯಕವೆಂದು ಕೇಳಿ ಪಡೆಯುವುದು ಮನುಷ್ಯನ ಮಟ್ಟಿಗೆ ಅಪೂರ್ವವಾದ ನಡವಳಿಕೆಯೇನೂ ಅಲ್ಲ. ಆದರೆ ಈ ಸ್ವಭಾವವು, ಅದೂ ವಿದ್ಯಾವಂತರಲ್ಲಿ ವಿದ್ಯಾವಂತರೆನಿಸಿಕೊಂಡವರ ಬಾಯಿಂದಲೇ, ಲೆಕ್ಕದ ರೂಪದಲ್ಲಿ ಹೊರಬೀಳುವ ಪ್ರಸಂಗಗಳು ವಿರಳ. 2007ರ ಅಕ್ಟೋಬರಿನಿಂದ 2008ರ ಸೆಪ್ಟೆಂಬರಿನವರೆಗೆ ವಿಶ್ವ ಆರೋಗ್ಯ ಸಂಸ್ಥೆಯು ಟೊರಾಂಟೊ, ಸಿಯಾಟಲ್, ಲಂಡನ್, ಆಕ್ಲೆಂಡ್, ಅಮ್ಮಾನ್, ಮನಿಲಾ, ಟಾಂಜಾನಿಯಾದ ಇಫಾಕಾರಾ ಮತ್ತು ನಮ್ಮ ದಿಲ್ಲಿ ಎಂಬ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ ಒಂದು ಪುಟದ ಪಟ್ಟಿಯನ್ನು ಪ್ರಯೋಗಿಸಿ ನೋಡಿತಷ್ಟೆ. ಕೆಲವು ತಿಂಗಳು ಅದನ್ನು ಬಳಸಿದ ಮೇಲೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಸಿಸ್ಟರುಗಳು ಮೊದಲಾಗಿ 250ಕ್ಕೂ ಹೆಚ್ಚು ಮಂದಿಯ ಅಭಿಪ್ರಾಯವನ್ನು, ಹೆಸರನ್ನು ಕೇಳದೆ, ಬರಹದಲ್ಲಿ ಸಂಗ್ರಹಿಸಲಾಯಿತು. ಪಟ್ಟಿಯು ಸುಲಭವಾದದ್ದು, ಹೆಚ್ಚು ಹೊತ್ತು ಹಿಡಿಯುವುದಿಲ್ಲ, ರೋಗಿಗೆ ಹಿತವಾದದ್ದು ಎಂದು ಶೇ. 80ರಷ್ಟು ಮಂದಿ ಒಪ್ಪಿದರು. ಉಳಿದ ಸುಮಾರು ಶೇ. 20 ಮಂದಿಗೆ ಅದು ತೊಡಕಾಗಿಯೂ ಕಾಲಹರಣವಾಗಿಯೂ ತೋರಿತು. ಆದರೆ ಪ್ರಶ್ನಪತ್ರಿಕೆಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ನಾಳೆ ನಿಮಗೇ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದರೆ ಈ ಪಟ್ಟಿಯನ್ನು ಓದಿಸಬೇಕೆ, ಬೇಡವೆ? ಶೇ. 93 ಮಂದಿ ಓದಿಸಬೇಕೆಂದರು. ಅಲ್ಲಿಗೆ, ಪಟ್ಟಿಯನ್ನು ತೊಡಕೆಂದವರಲ್ಲಿಯೂ ಹೆಚ್ಚಿನವರು ತಾವು ಮೇಜಿನ ಮೇಲೆ ಮಲಗುವುದಾದರೆ ಬೇಕೆಂದರೆಂದಾಯಿತು.

ಈ ಪಟ್ಟಿಯಲ್ಲಿ ಒಟ್ಟು 19 ಅಂಶಗಳಿವೆ. ಅವನ್ನು ಮೂರು ನಿಲುಗಡೆಗಳಲ್ಲಿ ಹಂಚಿದೆ. ರೋಗಿಗೆ ಅರಿವಳಿಕೆ ಕೊಡುವ ಮುನ್ನ ಒಮ್ಮೆ, ಚರ್ಮಕ್ಕೆ ಶಸ್ತ್ರ ತಾಗಿಸುವ ಮುನ್ನ ಒಮ್ಮೆ, ರೋಗಿಯನ್ನು ಓಟಿಯಿಂದ ಹೊರಕ್ಕೆ ಸಾಗಿಸುವ ಮುನ್ನ ಮತ್ತೊಮ್ಮೆ ಎಲ್ಲರೂ ಕೈಯ ಕೆಲಸ ನಿಲ್ಲಿಸಿ, ಒಬ್ಬರು ಗಟ್ಟಿಯಾಗಿ ಓದುವುದನ್ನು ಕೇಳಿ, ಗಟ್ಟಿಯಾಗಿಯೇ ಉತ್ತರ ಹೇಳತಕ್ಕದ್ದು. ಇವರೇ ಆ ರೋಗಿಯೆ, ಎಡಗಾಲೆ ಬಲಗಾಲೆ, ಗುರುತು ಹಾಕಿದೆಯೆ, ಯಾವುದಾದರೂ ಔಷಧ ಒಗ್ಗುವುದಿಲ್ಲವೆ, ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುತ್ತಿದೆಯೆ, ಅರ್ಧ ಲೀಟರಿಗೂ ಮೀರಿ ರಕ್ತ ಹೋಗುವ ಸಂಭವವಿದೆಯೆ, ಇದ್ದರೆ ಅದಕ್ಕೆ ಸಿದ್ಧತೆಯಾಗಿದೆಯೆ, ಸೋಂಕು ತಡೆಯುವ ಆಂಟಿಬಯೋಟಿಕ್ಕನ್ನು ಕಳೆದ 60 ನಿಮಿಷಗಳೊಳಗೆ ಕೊಟ್ಟಿದೆಯೆ, ಕೊನೆಗೆ ಮಾಪು, ಸೂಜಿ, ಉಪಕರಣಗಳ ಲೆಕ್ಕ ಸರಿಬಂದಿತೆ. ಇವುಗಳಲ್ಲಿ ವೈದ್ಯಶಾಸ್ತ್ರದ ಗಹನತತ್ತ್ವವೆಂಬುದು ಒಂದೂ ಇಲ್ಲ. ನರ್ಸಿಂಗ್ ಶಾಲೆಯ ಮೊದಲ ವರ್ಷದ ಹುಡುಗಿಗೆ ತಿಳಿಯದ ಸಂಗತಿಯೂ ಒಂದಿಲ್ಲ. ಹೀಗಿದ್ದೂ ಆ ಎಂಟು ಆಸ್ಪತ್ರೆಗಳಲ್ಲಿ ಪಟ್ಟಿ ಬರುವ ಮುಂಚಿನ 3,733 ರೋಗಿಗಳನ್ನೂ ಬಂದ ಅನಂತರದ 3,955 ರೋಗಿಗಳನ್ನೂ ಹೋಲಿಸಿದಾಗ, ಶಸ್ತ್ರಚಿಕಿತ್ಸೋತ್ತರ ತೊಡಕುಗಳು ಶೇ. 11ರಿಂದ 7ಕ್ಕೂ, ಮರಣಗಳು ಶೇ. 1.5ರಿಂದ 0.8ಕ್ಕೂ ಇಳಿದಿದ್ದುವು. 2009ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅದನ್ನು ನಂಬಲಾರದವರೂ ಇದ್ದರು, ನಂಬಿ ಕುಣಿದಾಡಿದವರೂ ಇದ್ದರು. ಒಂದು ಕಾಗದಕ್ಕೆ ಇಷ್ಟು ಸಾಮರ್ಥ್ಯವೆಲ್ಲಿಂದ ಬಂದೀತೆಂಬ ಸಂಶಯವು ಸಹಜವಾದದ್ದೇ; ಆ ಸಂಶಯಕ್ಕೆ ನಾವು ಆಮೇಲೆ ಬರುವೆವು.

ಪಟ್ಟಿಯ ವಿರುದ್ಧ ಹಿರಿಯ ವೈದ್ಯರಲ್ಲಿ ಮೊದಲು ಕೇಳಿಬರುವ ಮಾತು ಇದು: ಮೂವತ್ತು ವರ್ಷಗಳಿಂದ ಮಾಡುತ್ತ ಬಂದ ಕೆಲಸವನ್ನು ನಮಗೆ ಕಾಗದ ನೋಡಿ ಹೇಳಿಕೊಡಬೇಕೆ? ಇದರಲ್ಲಿ ನೋವಿದೆ; ಆ ನೋವು ಪೂರ್ಣ ಸುಳ್ಳೂ ಅಲ್ಲ. ಆದರೆ ನಲವತ್ತು ವರ್ಷ ಮದುವೆ ಮಾಡಿಸಿದ ಪುರೋಹಿತರು, ಮಂತ್ರವೆಲ್ಲ ನಾಲಗೆಯ ತುದಿಯಲ್ಲಿದ್ದರೂ, ಸಾಮಾನಿನ ಪಟ್ಟಿಯನ್ನು ಪ್ರತಿ ಮನೆಗೂ ಹೊಸದಾಗಿ ಬರೆದುಕೊಟ್ಟು, ಮುಹೂರ್ತದ ಹಿಂದಿನ ದಿನ ಒಂದೊಂದನ್ನೇ ಓದಿ ಕೇಳಿಸುತ್ತಾರಲ್ಲವೆ? ಅವರ ಪಾಂಡಿತ್ಯಕ್ಕೆ ಇದರಿಂದ ಕುಂದು ಬಂದಿತೆಂದು ಯಾರೂ ಹೇಳಿದ್ದಿಲ್ಲ. ಕಠಿಣವಾದುದನ್ನು ಬಲ್ಲವನು ಸುಲಭವಾದುದನ್ನು ಮರೆಯಲಾರನೆಂಬ ಎಣಿಕೆಯೇ ಇಲ್ಲಿ ತಪ್ಪಾಗಿರುವುದು. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ನಗರದ ಬಳಿ ಬೋಯಿಂಗ್ ಸಂಸ್ಥೆಯ ಮಾಡೆಲ್ 299 ಎಂಬ ನೂತನ ಯುದ್ಧವಿಮಾನವು ಪರೀಕ್ಷಾರ್ಥವಾಗಿ ಮೇಲೆದ್ದು ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿದ್ದು ಉರಿದುಹೋಯಿತು; ನಡೆಸುತ್ತಿದ್ದ ಮೇಜರ್ ಪ್ಲೊಯರ್ ಹಿಲ್ ಅವರು ಸೈನ್ಯದ ಅತ್ಯಂತ ನುರಿತ ಚಾಲಕರಲ್ಲೊಬ್ಬರು. ವಿಮಾನವು ನಿಂತಿರುವಾಗ ಅದರ ರೆಕ್ಕೆಬಾಲಗಳು ಗಾಳಿಗೆ ಅಲುಗದಂತೆ ಹಾಕಿಟ್ಟ ಬೀಗವನ್ನು ಬಿಡಿಸಲು ಮರೆತುದೇ ಅಪಘಾತದ ಕಾರಣ. ಸೈನ್ಯವು ಇನ್ನೂ ಸಮರ್ಥನಾದ ಚಾಲಕನನ್ನು ಹುಡುಕಿಕೊಂಡು ಹೋಗಲಿಲ್ಲ. ಹೊರಡುವ ಮುನ್ನ ಓದತಕ್ಕ ಒಂದು ಪಟ್ಟಿಯನ್ನು ಮಾಡಿತು, ಆ ವಿಮಾನವು ಮುಂದೆ ಬಿ-17 ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಶಸ್ತ್ರಚಿಕಿತ್ಸೆಯ ಪಟ್ಟಿಯನ್ನು ರೂಪಿಸಿದ ತಂಡದ ನಾಯಕರಾದ ಡಾ. ಅತುಲ್ ಗವಾಂಡೆಯವರೇ, ಉಪದೇಶಿಸಿದವನೇ ಪಾಲಿಸದಿದ್ದರೆ ಲೋಕಾಪವಾದ ಬಂದೀತೆಂಬ ಅಂಜಿಕೆಯಿಂದ ಮಾತ್ರ ತಮ್ಮ ಓಟಿಯಲ್ಲಿ ಅದನ್ನು ಬಳಸತೊಡಗಿದರೇ ಹೊರತು, ತಮ್ಮ ರೋಗಿಗಳಿಗೆ ಅದರಿಂದ ವಿಶೇಷ ಪ್ರಯೋಜನವಾದೀತೆಂದು ಅಂತರಂಗದಲ್ಲಿ ನಂಬಿರಲಿಲ್ಲವೆಂದು ಬರೆದುಕೊಂಡಿದ್ದಾರೆ. ಮುಂದೊಂದು ದಿನ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿದ್ದ ಗಡ್ಡೆಯನ್ನು ತೆಗೆಯುತ್ತಿದ್ದಾಗ ಹೃದಯಕ್ಕೆ ಹೋಗುವ ಮಹಾಸಿರೆಯು ಅವರ ಕೈಯಲ್ಲಿಯೇ ಹರಿದು, ರೋಗಿಯ ಹೃದಯವು ನಿಂತೇಹೋಯಿತು. ಆತ ಬದುಕಿಕೊಂಡದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು, ಪಟ್ಟಿಯನ್ನು ಓದುವಾಗ ರಕ್ತದ ಪ್ರಶ್ನೆ ಬಂದು, ಬ್ಲಡ್ ಬ್ಯಾಂಕಿನಿಂದ ಬರಬೇಕಾಗಿದ್ದ ರಕ್ತ ಬಂದಿಲ್ಲವೆಂಬುದು ಮೊದಲೇ ಗೊತ್ತಾಗಿ, ಅದನ್ನು ತರಿಸಿ ಕೋಣೆಯಲ್ಲಿಟ್ಟಿದ್ದುದು.

ಇನ್ನು ನಮ್ಮ ಕಡೆಯ ವಿಚಾರ. ಪರಿಚಿತ ವೈದ್ಯರೊಬ್ಬರ ವಿಶ್ವಾಸದಿಂದ, ಹೆಸರು ಹೇಳಬೇಕಾಗಿಲ್ಲದ ಒಂದು ಆಸ್ಪತ್ರೆಯ ಓಟಿಯ ಹೊರಕೋಣೆಯಲ್ಲಿ ಕೆಲಹೊತ್ತು ಕುಳಿತಿರುವ ಅವಕಾಶ ನನಗೆ ದೊರೆತಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಬೆಳಗಿನ ಕೇಸುಗಳೆಲ್ಲ ಮುಗಿದು, ಕೊನೆಯ ರೋಗಿಯನ್ನು ಸ್ಟ್ರೆಚರಿನಲ್ಲಿ ವಾರ್ಡಿಗೆ ತಳ್ಳಿಕೊಂಡು ಹೋಗಿದ್ದರು. ಚಿಕ್ಕ ವಯಸ್ಸಿನ ಸಿಸ್ಟರೊಬ್ಬರು, ಮುಖದ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಒಂದರ ಮೇಲೊಂದು ಪೇರಿಸಿದ ಕೇಸ್ ಶೀಟುಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದರಲ್ಲಿಯೂ ಆ ಸುರಕ್ಷತಾ ಪಟ್ಟಿಯ ಹಾಳೆಯನ್ನು ಹುಡುಕಿ ತೆಗೆದು, ಮೇಲಿನಿಂದ ಕೆಳಗಿನವರೆಗೆ ಒಂದೇ ಓಟದಲ್ಲಿ ಟಿಕ್ ಹಾಕುತ್ತ ಹೋದರು. ಕೈಯ ವೇಗದಲ್ಲಿ ಸಂದೇಹವಿರಲಿಲ್ಲ, ಮುಖದಲ್ಲಿ ಅಪರಾಧದ ಛಾಯೆಯೂ ಇರಲಿಲ್ಲ. ಇದನ್ನೆಲ್ಲ ಆಗಲೇ ಓದಬೇಕಲ್ಲವೆ ಎಂದು ಕೇಳಿದ್ದಕ್ಕೆ, ‘ಓದೋಕೆ ಬಿಡಬೇಕಲ್ಲ ಸಾರ್, ಬಿಟ್ರೆ ಓದ್ತೀವಿ’ ಎಂದು ತಲೆಯೆತ್ತದೆ ಹೇಳಿ, ಮುಂದಿನ ಶೀಟಿಗೆ ಕೈಹಾಕಿದರು. ಆಸ್ಪತ್ರೆಯ ಸಿಬ್ಬಂದಿಯ ಮನೋಭಾವವನ್ನು ಕುರಿತು ಎಷ್ಟೋ ಪ್ರಬಂಧಗಳು ಬಂದಿವೆ, ಕಾಲಾಭಾವ, ತರಬೇತಿಯ ಅಭಾವ, ಆಸಕ್ತಿಯ ಅಭಾವವೆಂದು ಎಷ್ಟೋ ಕಾರಣಗಳನ್ನು ಪರಿಗಣಿಸಿವೆ; ನನಗೆ ಮಾತ್ರ ಆ ಸಿಸ್ಟರು ಹೇಳಿದ ಕಾರಣವೇ ಮೂಲವೆಂದು ತೋರುತ್ತದೆ.

ಏಕೆಂದರೆ ಈ ಪಟ್ಟಿಯು ನೋಡುವುದಕ್ಕೆ ಜ್ಞಾಪಕಶಕ್ತಿಗೆ ನೆರವಾಗಿ ಬಂದ ವಸ್ತುವಾದರೂ, ನಡೆಯುವಲ್ಲಿ ಅದು ಅಧಿಕಾರವನ್ನು ಹಂಚುವ ವಸ್ತು. ಓಟಿಯೊಳಗಿನ ಸಮಾಜವು ಅತ್ಯಂತ ಶ್ರೇಣೀಬದ್ಧವಾದದ್ದು: ಎಲ್ಲಕ್ಕೂ ಮೇಲೆ ಶಸ್ತ್ರವೈದ್ಯರು; ಅವರಿಗೆ ಸರಿಸಮವೆಂದು ಹೇಳಿಕೊಂಡರೂ ಎಷ್ಟೋ ಕಡೆ ಕೇಸಿಗಿಷ್ಟೆಂದು ಹಣ ಪಡೆದು ಮೂರು ಆಸ್ಪತ್ರೆಗಳನ್ನು ಸುತ್ತಿ ಬರುವ ಅನಸ್ತೇಷಿಯಾ ಡಾಕ್ಟರು; ಬಳಿಕ ಪಿ.ಜಿ. ವಿದ್ಯಾರ್ಥಿಗಳು, ಸಿಸ್ಟರುಗಳು, ಟೆಕ್ನಿಷಿಯನ್ನರು; ಕಟ್ಟಕಡೆಗೆ ನೆಲ ಒರೆಸಿ, ಟ್ರಾಲಿ ತಳ್ಳುವ ಆಯಾ ಮತ್ತು ವಾರ್ಡ್‌ಬಾಯ್‌ಗಳು. ಇಂಥ ಕೋಣೆಯಲ್ಲಿ ಕೆಳಗಿನವರು ಮೇಲಿನವರನ್ನು ಪ್ರಶ್ನಿಸತಕ್ಕದ್ದು, ಮೇಲಿನವರು ಶಸ್ತ್ರವನ್ನು ಹಿಡಿಯದೆ ಆ ಪ್ರಶ್ನೆಗೆ ಉತ್ತರ ಕೊಡತಕ್ಕದ್ದು ಎಂಬ ವಿಧಿಯನ್ನು ಒಂದು ಕಾಗದವು ತರುತ್ತದೆ. ‘ಸರ್, ಒಂದು ನಿಮಿಷ’ ಎಂಬ ಮಾತು ಹೊರಗೆ ಅತ್ಯಂತ ವಿನಯದ ಮಾತು. ಕೈಗವಸು ತೊಟ್ಟು ಕೈಚಾಚಿ ನಿಂತ ಸರ್ಜನರಿಗೆ ಇಪ್ಪತ್ತಮೂರು ವರ್ಷದ ಹುಡುಗಿ ಅದನ್ನು ಹೇಳಬೇಕಾದಾಗ, ಅದರಲ್ಲಿ ಎಷ್ಟು ಧೈರ್ಯ ಬೇಕೆಂಬುದನ್ನು ಹೊರಗಿನವರು ಊಹಿಸಲಾರರು. ಒಮ್ಮೆ ಹೇಳಿ ‘ಆಯ್ತಮ್ಮ, ಎಲ್ಲಾ ಗೊತ್ತು, ನಡೀಲಿ’ ಎಂಬ ಉತ್ತರ ಪಡೆದವಳು ಎರಡನೆಯ ಸಲ ಹೇಳುವುದಿಲ್ಲ. ಟಿಕ್ ಹಾಕುವುದನ್ನು ಕಲಿಯುತ್ತಾಳೆ.

ಈ ವಿಷಯದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಪೀಟರ್ ಪ್ರೊನೊವೋಸ್ಟ್ ಅವರು 2001ರಲ್ಲಿ ಮಾಡಿದ ಕೆಲಸವು ನನಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗಿಂತಲೂ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ತೀವ್ರನಿಗಾ ಘಟಕದ ರೋಗಿಗಳ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಸೋಂಕು ಹೊಕ್ಕು ಎಷ್ಟೋ ಜನ ಸಾಯುತ್ತಿದ್ದರು. ಅದನ್ನು ತಡೆಯಲು ಅವರು ಬರೆದದ್ದು ಐದೇ ಸಾಲುಗಳು: ಕೈ ತೊಳೆಯುವುದು, ರೋಗಿಯ ಚರ್ಮವನ್ನು ಔಷಧದಿಂದ ಶುದ್ಧಿಮಾಡುವುದು, ಮೈಗೆಲ್ಲ ಶುದ್ಧವಸ್ತ್ರ ಹೊದಿಸುವುದು, ತಾವು ಮಾಸ್ಕು, ಟೋಪಿ, ಗೌನು, ಕೈಗವಸುಗಳನ್ನು ಧರಿಸುವುದು, ನಳಿಕೆ ಹಾಕಿದ ಜಾಗವನ್ನು ಮುಚ್ಚುವುದು. ಇದನ್ನು ಬರೆದ ಕೂಡಲೆ ವೈದ್ಯರ ಕೈಗೆ ಕೊಡದೆ, ಮೊದಲು ಒಂದು ತಿಂಗಳು ವೈದ್ಯರು ಏನು ಮಾಡುತ್ತಾರೆಂಬುದನ್ನು ಸುಮ್ಮನೆ ಗಮನಿಸಿ ಬರೆದಿಡುವಂತೆ ನರ್ಸುಗಳಿಗೆ ಹೇಳಿದರು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಾದರೂ ಹೆಜ್ಜೆ ತಪ್ಪಿತ್ತು. ಆಮೇಲೆ ಅವರು ಆಡಳಿತದವರನ್ನು ಒಪ್ಪಿಸಿ, ಹೆಜ್ಜೆ ತಪ್ಪಿದ ವೈದ್ಯನನ್ನು ಅಲ್ಲಿಗೇ ನಿಲ್ಲಿಸುವ ಅಧಿಕಾರವನ್ನು ನರ್ಸುಗಳಿಗೆ ಕೊಡಿಸಿದರು. ಒಂದು ವರ್ಷದಲ್ಲಿ ನಳಿಕೆ ಹಾಕಿದ ಹತ್ತು ದಿನಗಳೊಳಗಿನ ಸೋಂಕು ಶೇ. 11ರಿಂದ ಸೊನ್ನೆಗೆ ಇಳಿಯಿತು. ಐದು ಸಾಲುಗಳಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದುದು ಆರನೆಯದಾಗಿ, ಬರೆಯದೆ ಇದ್ದ ಆ ಸಾಲು.

ಒಹಾಯೊ ರಾಜ್ಯದ ಕೊಲಂಬಸ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಇದೇ ತತ್ತ್ವಕ್ಕೆ ಇನ್ನೂ ಚಮತ್ಕಾರದ ರೂಪ ಕೊಟ್ಟಿದ್ದರು. ಆರು ಅಂಗುಲ ಉದ್ದದ, ಚಿಕ್ಕ ಡೇರೆಯಂತೆ ಮಡಿಸಿದ ಒಂದು ಲೋಹದ ತಗಡು. ಅದರ ಮೇಲೆ ವಿಮಾನವು ಹೊರಡಲು ಅನುಮತಿ ದೊರೆತಿದೆಯೆಂಬರ್ಥದ ಬರಹ. ಉಪಕರಣಗಳನ್ನು ಜೋಡಿಸುವಾಗಲೇ ನರ್ಸು ಆ ತಗಡನ್ನು ಕತ್ತಿಯ ಮೇಲೆ ಮುಚ್ಚಿಡುವಳು. ಕೇಳಬೇಕಾದುದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಅವಳೇ ಅದನ್ನು ತೆಗೆಯುವಳು. ಸರ್ಜನರು ಎಷ್ಟೇ ದೊಡ್ಡವರಾಗಿರಲಿ, ಅವಳು ಕೈಯೆತ್ತುವವರೆಗೆ ಅವರಿಗೆ ಕತ್ತಿಯಿಲ್ಲ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚಿನವರಿಗೆ ಸಕಾಲದಲ್ಲಿ ಆಂಟಿಬಯೋಟಿಕ್ ದೊರೆಯದಿದ್ದ ಆ ಆಸ್ಪತ್ರೆಯಲ್ಲಿ, ಮೂರು ತಿಂಗಳಲ್ಲಿ ಶೇ. 89 ಮಕ್ಕಳಿಗೂ ಹತ್ತು ತಿಂಗಳಲ್ಲಿ ಎಲ್ಲರಿಗೂ ಅದು ದೊರೆಯಿತು. ತಗಡಿನ ಖರ್ಚೆಷ್ಟಾದೀತು! ನಮ್ಮಲ್ಲಿ ಇದನ್ನು ಮಾಡಿಸುವುದು ಊರಿನ ಸ್ಟೀಲ್ ಪಾತ್ರೆಯ ಅಂಗಡಿಯವನಿಗೂ ಕಷ್ಟವಲ್ಲ. ಅದನ್ನು ಕತ್ತಿಯ ಮೇಲೆ ಇಡಲು ಬಿಡುವವರು ಯಾರೆಂಬುದೇ ಪ್ರಶ್ನೆ.

ಪಟ್ಟಿಯಲ್ಲಿ ಅತ್ಯಂತ ಹೆಚ್ಚು ಪರಿಹಾಸ್ಯಕ್ಕೆ ಗುರಿಯಾಗುವ ಅಂಶವೊಂದಿದೆ: ಶಸ್ತ್ರ ತಾಗಿಸುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ತಾವು ಮಾಡುವ ಕೆಲಸವನ್ನೂ ಹೇಳಬೇಕು. ದಿನಾ ಮುಖ ನೋಡುವವರಿಗೆ ಇದೇನು ನಾಟಕವೆಂದು ನಗುವವರು, ತಮ್ಮ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ಸಿಸ್ಟರಿನ ಹೆಸರನ್ನು ಹೇಳಿ ನೋಡಲಿ. ನಮ್ಮ ಓಟಿಗಳಲ್ಲಿ ಸಿಸ್ಟರೆಂದರೆ ಎಲ್ಲರೂ ಸಿಸ್ಟರೇ, ಬ್ರದರೆಂದರೆ ಎಲ್ಲರೂ ಬ್ರದರೇ; ಟೆಕ್ನಿಷಿಯನ್ನರನ್ನು ಕರೆಯುವುದಕ್ಕೆ ‘ಏ, ಲೈಟ್ ಸರಿಮಾಡಪ್ಪ’ ಎಂಬ ಸಂಬೋಧನೆ ಸಾಕಾಗುತ್ತದೆ. ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದವನು ಮುಂದೆ ತಪ್ಪು ಕಂಡಾಗ ಎರಡನೆಯ ಸಲ ಬಾಯಿಬಿಡುವುದು ಸುಲಭವೆಂಬುದು ಇದನ್ನು ಸೇರಿಸಿದವರ ಅಭಿಪ್ರಾಯ. ಮನಶ್ಶಾಸ್ತ್ರದ ಆಧಾರವನ್ನು ಬದಿಗಿಟ್ಟರೂ, ಸಭೆಗಳಲ್ಲಿ ಮೊದಲ ಮಾತಾಡಲು ಅಂಜಿದ ಅನುಭವವಿರುವ ಯಾರಿಗಾದರೂ ಇದು ಯಥಾರ್ಥವೆನಿಸದೆ ಇರದು.

ಈಗ ಮೇಲೆ ಬಿಟ್ಟುಬಂದ ಸಂಶಯಕ್ಕೆ ಬರೋಣ. ಎಂಟು ಊರುಗಳ ಫಲಿತಾಂಶದಿಂದ ಉತ್ತೇಜಿತವಾಗಿ ಕೆನಡಾದ ಒಂಟಾರಿಯೊ ಪ್ರಾಂತದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲೆಲ್ಲ ಪಟ್ಟಿಯನ್ನು ಕಡ್ಡಾಯಮಾಡಿತು. ಪಾಲನೆಯಾಗುತ್ತಿದೆಯೆಂದು ಆಸ್ಪತ್ರೆಗಳು ತಾವೇ ಕಳಿಸಿದ ವರದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟ ಅಂಕಗಳಿದ್ದುವು. ಆದರೆ 101 ಆಸ್ಪತ್ರೆಗಳ, ಲಕ್ಷಗಟ್ಟಲೆ ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದಾಗ, ಮರಣಗಳು ಶೇ. 0.71ರಿಂದ 0.65ಕ್ಕೆ ಇಳಿದಿದ್ದುವಷ್ಟೆ, ತೊಡಕುಗಳು ಶೇ. 3.86ರಿಂದ 3.82ಕ್ಕೆ, ಅಂದರೆ ಗಣಿತಜ್ಞರ ದೃಷ್ಟಿಯಲ್ಲಿ ಏನೂ ಆಗಿರಲಿಲ್ಲ. ಪಟ್ಟಿಯ ವಿರೋಧಿಗಳಿಗೆ ಇದು ಹಬ್ಬವಾಯಿತು. ಆದರೆ ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ ಯಾರನ್ನೂ ಬಲವಂತಪಡಿಸದೆ, ಬರುತ್ತೇವೆಂದ ಆಸ್ಪತ್ರೆಗಳಿಗೆ ಮಾತ್ರ ಹೋಗಿ, ಸರ್ಜನರೊಡನೆ ಒಬ್ಬೊಬ್ಬರಾಗಿ ಮಾತಾಡಿ, ಪಟ್ಟಿಯನ್ನು ಅವರವರ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಬಿಟ್ಟು, ವರ್ಷಗಳ ಕಾಲ ತಾಳ್ಮೆಯಿಂದ ಮಾಡಿದ ಕಾರ್ಯಕ್ರಮವನ್ನು ಪೂರೈಸಿದ 14 ಆಸ್ಪತ್ರೆಗಳಲ್ಲಿ, 2010ರಲ್ಲಿ ಶೇ. 3.38ರಷ್ಟಿದ್ದ ಮರಣವು 2013ಕ್ಕೆ 2.84ಕ್ಕೆ ಇಳಿಯಿತು, ಅದೇ ರಾಜ್ಯದ ಉಳಿದ ಆಸ್ಪತ್ರೆಗಳಲ್ಲಿ ಇಳಿಯಲಿಲ್ಲ. ಎರಡು ಕಡೆಯೂ ಇದ್ದುದು ಹೆಚ್ಚುಕಡಮೆ ಅದೇ ಕಾಗದವೇ. ಒಂದು ಕಡೆ ಅದು ಆಜ್ಞೆಯಾಗಿ ಬಂದು ಅಂಕಣ ತುಂಬುವ ಕೆಲಸವಾಯಿತು, ಇನ್ನೊಂದು ಕಡೆ ಸಂಭಾಷಣೆಯಾಗಿ ಉಳಿಯಿತು ಎಂಬುದು ನನ್ನ ತೀರ್ಮಾನ. ಸ್ವಯಂಪ್ರೇರಿತರಾಗಿ ಬಂದವರು ಮೊದಲೇ ಉತ್ಸಾಹಿಗಳಾಗಿದ್ದಿರಬಹುದೆಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ.

ನಮ್ಮ ದೇಶದಲ್ಲಿ ಈ ಕಾಗದಕ್ಕೆ ಇನ್ನೊಂದು ಭಾರವೂ ಸೇರಿಕೊಂಡಿದೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದ ಮೇಲೆ ಆಸ್ಪತ್ರೆಯ ಪ್ರತಿಯೊಂದು ಬರಹವೂ ರೋಗಿಗಾಗಿ ಅರ್ಧ, ವಕೀಲರಿಗಾಗಿ ಅರ್ಧ ಎಂಬಂತಾಯಿತು. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆಗಾಗಿ ತಪಾಸಣೆಗೆ ಬರುವವರು ಕೇಸ್ ಶೀಟಿನಲ್ಲಿ ಪಟ್ಟಿಯಿದೆಯೆ, ರುಜುಗಳಿವೆಯೆ ಎಂದು ನೋಡತೊಡಗಿದ ಮೇಲೆ ರುಜುವೇ ಪ್ರಧಾನವಾಯಿತು. ಸಿಬ್ಬಂದಿಯಲ್ಲಿ ಕೆಲವರು ಪಟ್ಟಿಯೆಂದರೆ ಅಂಜುವುದೂ ಇದರಿಂದಲೇ: ಸರಿಯಾಗಿದೆಯೆಂದು ಬರೆದು ರುಜುಹಾಕಿದವಳೇ ನಾಳೆ ಕೋರ್ಟಿನಲ್ಲಿ ಉತ್ತರಿಸಬೇಕಾದೀತು, ‘ನಡೀಲಿ’ ಎಂದವರಿಗೆ ಯಾವ ಕಾಗದದಲ್ಲಿಯೂ ಆ ಮಾತಿಗೆ ರುಜುವಿಲ್ಲ. ಮಾಪಿನ ಲೆಕ್ಕವನ್ನು ತೆಗೆದುಕೊಳ್ಳಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ಹೀರಿಸಲು ಇಡುವ ಬಟ್ಟೆಗಳು ರಕ್ತದಲ್ಲಿ ತೊಯ್ದಮೇಲೆ ಕರುಳಿನ ಮಡಿಕೆಗಳ ನಡುವೆ ಕಣ್ಣಿಗೆ ಕಾಣುವುದೇ ಇಲ್ಲ. ಆದಕಾರಣ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಎಣಿಸಿ, ಗೋಡೆಯ ಬೋರ್ಡಿನ ಮೇಲೆ ಬರೆದು, ಬಕೆಟ್ಟಿನಲ್ಲಿ ಬಿದ್ದದ್ದನ್ನು ಕೈಹಾಕಿ ಬಿಡಿಸಿ ತೋರಿಸಿ, ಸರಿಯೆಂದು ಗಟ್ಟಿಯಾಗಿ ಹೇಳಿದ ಮೇಲಲ್ಲದೆ ಹೊಟ್ಟೆಯನ್ನು ಮುಚ್ಚಬಾರದೆಂಬ ಪದ್ಧತಿಯು ಪಟ್ಟಿಗಿಂತ ಎಷ್ಟೋ ಹಿಂದಿನದು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳಿಗೆ ಸಂತಾನನಿರೋಧದ ಶಸ್ತ್ರಚಿಕಿತ್ಸೆ ಮಾಡಿ, ಒಳಗೆ ಮಾಪನ್ನು ಬಿಟ್ಟು ಹೊಲಿದು, ಆಕೆ ಕೆಲವೇ ದಿನಗಳಲ್ಲಿ ತೀರಿಕೊಂಡ ಮೊಕದ್ದಮೆಯು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1996ರಲ್ಲಿ. ಮೂವತ್ತಮೂರು ವರ್ಷ ವ್ಯಾಜ್ಯ ನಡೆದ ಆ ಪ್ರಕರಣದ ಮೂಲದಲ್ಲಿದ್ದುದು ಒಂದು ಎಣಿಕೆ. ಹೀಗಿದ್ದರೂ ಮೂರು ನಿಲುಗಡೆಗಳಲ್ಲಿ ಎಷ್ಟೋ ಕಡೆ ಹೆಚ್ಚಾಗಿ ಬಿಟ್ಟುಹೋಗುವುದು, ಈ ಎಣಿಕೆಯನ್ನು ಒಳಗೊಂಡ ಮೂರನೆಯದೇ. ಆ ಹೊತ್ತಿಗೆ ಹಿರಿಯ ಸರ್ಜನರು ಕೈಗವಸು ಬಿಚ್ಚಿ ಮುಂದಿನ ಕೇಸಿಗೋ ಕಾಫಿಗೋ ಹೊರಟಿರುತ್ತಾರೆ, ಹೊಲಿಗೆಯನ್ನು ಕಿರಿಯರಿಗೆ ವಹಿಸಿರುತ್ತಾರೆ, ಹೊರಗೆ ಮುಂದಿನ ರೋಗಿಯ ಟ್ರಾಲಿ ಬಾಗಿಲಿಗೆ ಬಂದು ನಿಂತಿರುತ್ತದೆ.

ಸಿಬ್ಬಂದಿಯ ಪರವಾಗಿಯೂ ಹೇಳತಕ್ಕ ಮಾತುಂಟು. ಪಟ್ಟಿಯು ಇಲ್ಲದ ವಸ್ತುವನ್ನು ಸೃಷ್ಟಿಸಲಾರದು. ವಿಶ್ವ ಆರೋಗ್ಯ ಸಂಸ್ಥೆಯೇ ಹೆರಿಗೆಗಾಗಿ ರಚಿಸಿದ ಇಂಥದೇ ಪಟ್ಟಿಯನ್ನು 2010ರಲ್ಲಿ ನಮ್ಮ ಕರ್ನಾಟಕದಲ್ಲಿ, ಜಿಲ್ಲಾ ಮಟ್ಟಕ್ಕಿಂತ ಕೆಳಗಿನ ಒಂದು ಹೆರಿಗೆ ಕೇಂದ್ರದಲ್ಲಿ ಮೊದಲಿಗೆ ಪರೀಕ್ಷಿಸಿದರು: ಪ್ರತಿ ಹೆರಿಗೆಯಲ್ಲಿಯೂ ಆಗಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದುದು, ಪಟ್ಟಿ ಬಂದ ಮೇಲೆ 25ಕ್ಕೆ ಏರಿತು. ಕನ್ನಡನಾಡಿನ ಸಣ್ಣ ಆಸ್ಪತ್ರೆಯೊಂದು ಜಗತ್ತಿಗೆ ಕೊಟ್ಟ ಈ ಸುದ್ದಿಯು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಬಂದಿತೋ ನಾನರಿಯೆ. ಮುಂದೆ ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ಅದನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸಿದಾಗ, ಪಕ್ಕದಲ್ಲಿ ನಿಂತು ತಿದ್ದುವವರು ಆಗಾಗ ಬರುತ್ತಿದ್ದಷ್ಟು ಕಾಲ ಕ್ರಮಗಳ ಪಾಲನೆ ಶೇ. 72.8ಕ್ಕೆ ಏರಿ, ಅವರ ಭೇಟಿ ನಿಂತ ಮೇಲೆ ಶೇ. 61.7ಕ್ಕೆ ಇಳಿಯಿತು, ಮರಣಗಳಲ್ಲಿ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಔಷಧ, ರಕ್ತ, ಕುಶಲಹಸ್ತ, ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವ ಅನುಕೂಲ ಇವುಗಳಿಲ್ಲದ ಕಡೆ ಪಟ್ಟಿಯು ಇಲ್ಲವೆಂಬುದನ್ನು ತೋರಿಸಬಲ್ಲುದೇ ಹೊರತು ತಂದುಕೊಡಲಾರದು. ಒಬ್ಬಳೇ ಸಿಸ್ಟರು ಎರಡು ಟೇಬಲ್ಲುಗಳನ್ನು ನೋಡಿಕೊಳ್ಳುವ ಓಟಿಯಲ್ಲಿ ಯಾರನ್ನು ನಿಲ್ಲಿಸಿ ಯಾರು ಓದಬೇಕೆಂದು ಕೇಳಿದರೆ ಅದು ಸೋಮಾರಿಯ ಪ್ರಶ್ನೆಯಲ್ಲ.

ಇನ್ನು ಪಟ್ಟಿಯ ಮೊದಲನೆಯ ನಿಲುಗಡೆಯಲ್ಲಿ ಎಚ್ಚರವಾಗಿರುವ, ತನ್ನ ದೇಹದ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲ ರೋಗಿಯೂ ಒಬ್ಬ ಪಾತ್ರಧಾರಿ. ನಮ್ಮ ರೋಗಿಯ ವಿನಯವೇ ಇಲ್ಲಿ ಅಪಾಯಕಾರಿ. ‘ನಿಂಗಪ್ಪ ಅಂದ್ರೆ ನೀವೇನಾ? ಬಲಗಾಲಿಗೆ ತಾನೆ?’ ಎಂದು ಕೇಳಿದರೆ, ಹಸಿರು ಬಟ್ಟೆಯವರ ನಡುವೆ ಅರ್ಧ ಬೆತ್ತಲಾಗಿ ಮಲಗಿರುವ ಹಳ್ಳಿಯ ಮುದುಕ, ಕಿವಿ ಕೇಳಿಸಲಿ ಬಿಡಲಿ, ಡಾಕ್ಟರು ಹೇಳಿದ ಮೇಲೆ ಸರಿಯೇ ಇರಬೇಕೆಂದು, ‘ಹೂಂ ಸಾಮಿ’ ಎನ್ನುತ್ತಾನೆ. ಅವನು ನಿಂಗಪ್ಪನಲ್ಲದಿದ್ದರೂ ಹಾಗೆನ್ನುವ ಸಂಭವವುಂಟು. ನಿಮ್ಮ ಹೆಸರೇನು, ಯಾವ ಕಾಲಿಗೆ ಏನು ಮಾಡ್ತಾರಂತೆ ಎಂದು ಕೇಳಿ, ಅವನ ಬಾಯಿಂದಲೇ ಹೊರಡಿಸಬೇಕು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಪಟ್ಟಿಯು ಇಂಗ್ಲಿಷಿನಲ್ಲಿದೆ, ಓದುವ ಸಿಸ್ಟರು ಕೇರಳದವರು, ಅನಸ್ತೇಷಿಯಾ ಕೊಡುವ ಪಿ.ಜಿ. ಉತ್ತರದ ಕಡೆಯವರು, ರೋಗಿ ಮಾತ್ರ ಕನ್ನಡದವನು. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಪಟ್ಟಿಯನ್ನು ಮಾರ್ಪಡಿಸಿಕೊಳ್ಳಿರೆಂದು ಮೂಲದಲ್ಲಿಯೇ ಹೇಳಿರುವಾಗ, ಕನಿಷ್ಠಪಕ್ಷ ಆ ಮೊದಲ ಭಾಗವನ್ನಾದರೂ ಆಡುಗನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಗೋಡೆಗೆ ಅಂಟಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಆಡಳಿತ ನಡೆಸುವವರಿಗೆ ನಾನು ಸೂಚಿಸಬಯಸುವುದು ಇಷ್ಟೆ. ತಪಾಸಣೆಗೆ ಬಂದವರು ಕೇಸ್ ಶೀಟುಗಳ ಕಟ್ಟನ್ನು ಬಿಚ್ಚುವುದರ ಬದಲು ಓಟಿಯ ಬಟ್ಟೆ ತೊಟ್ಟು ಒಳಗೆ ನಿಂತು ಒಂದು ಬೆಳಗ್ಗೆ ನೋಡಲಿ. ನೂರಕ್ಕೆ ನೂರು ಟಿಕ್ಕುಗಳಿರುವ ಆಸ್ಪತ್ರೆಯನ್ನು ಹೊಗಳುವುದರ ಬದಲು ಸಂದೇಹದಿಂದ ನೋಡಲಿ, ಏಕೆಂದರೆ ನಿಜವಾಗಿ ಓದುವ ಕಡೆ ‘ಇಲ್ಲ, ರಕ್ತ ಬಂದಿಲ್ಲ’, ‘ಇಲ್ಲ, ಎಕ್ಸ್‌ರೇ ಸಿಕ್ಕಿಲ್ಲ’ ಎಂಬ ಉತ್ತರಗಳೂ ಬಂದೇ ಬರುತ್ತವೆ, ಅವು ಹಾಳೆಯ ಮೇಲೆ ಕಾಣಿಸಬೇಕು. ತಿಂಗಳಿಗೊಮ್ಮೆ ನಡೆಯುವ ಸಿಬ್ಬಂದಿ ಸಭೆಯಲ್ಲಿ, ಪಟ್ಟಿ ಓದುವಾಗ ಎಷ್ಟು ಸಲ ಕೆಲಸವನ್ನು ನಿಲ್ಲಿಸಲಾಯಿತು, ನಿಲ್ಲಿಸಿದವರು ಯಾರು ಎಂಬುದನ್ನು ಕೇಳಲಿ. ಒಂದು ಸಲವೂ ನಿಂತಿಲ್ಲವೆಂದಾದರೆ ಅಲ್ಲಿಯ ಸುಪರಿಂಟೆಂಡೆಂಟರು ಅದಕ್ಕೆ ವಿವರಣೆ ಕೊಡಲಿ. ಯಾವಳಾದರೊಬ್ಬ ಸಿಸ್ಟರು ದೊಡ್ಡ ಸರ್ಜನರನ್ನು ತಡೆದು ನಿಲ್ಲಿಸಿ, ತಡೆದ ಕಾರಣ ಕಡೆಗೆ ಸುಳ್ಳೆಂದೇ ತಿಳಿದುಬಂದರೂ, ಮರುದಿನ ಅವಳ ಡ್ಯೂಟಿಯನ್ನು ಓಟಿಯಿಂದ ವಾರ್ಡಿಗೆ ಬದಲಾಯಿಸಬಾರದೆಂಬ ಲಿಖಿತ ಆಜ್ಞೆಯೊಂದನ್ನು ಪಟ್ಟಿಯ ಪಕ್ಕದಲ್ಲಿಯೇ ಕಾಣುವಂತೆ ಹಾಕಿಸಲಿ.